ಐದು ವೋಲ್ಟಿನ ಪರಂಪರೆ

ಮೈಕ್ರೋಕಂಟ್ರೋಲರನ್ನು ನಿಸ್ತಂತು ಘಟಕದೊಡನೆ ಜೋಡಿಸುವಾಗ ಸಂಕೇತದ ವೋಲ್ಟೇಜನ್ನು ಬದಲಿಸಬೇಕಾಗುವುದೇಕೆ? ಇದಕ್ಕೆ ಉತ್ತರವನ್ನು ನಾವು ಇತಿಹಾಸದಲ್ಲಿ ಅರಸಬೇಕು. 1960ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಹೊರತಂದ 7400 ಶ್ರೇಣಿಯ ಚಿಪ್ಪುಗಳು 5 ವೋಲ್ಟನ್ನು ರೂಢಿಗೊಳಿಸಿದವು. 2010ರ ಆರ್ಡುಯಿನೋ ಊನೋ ಫಲಕವೂ ಆ ರೂಢಿಯನ್ನೇ ಅನುಸರಿಸಿತು. ಅಷ್ಟರೊಳಗೆ ಟ್ರಾನ್ಸಿಸ್ಟರುಗಳು ಕಿರಿದಾಗಿ, ಅವುಗಳ ತೆಳುಪದರಗಳು 5 ವೋಲ್ಟನ್ನು ತಾಳಲಾರದಾಗಿದ್ದವು. ಅಲ್ಲದೆ ವಿದ್ಯುದ್ವ್ಯಯವು ವೋಲ್ಟೇಜಿನ ವರ್ಗದಂತೆ ಏರುವುದರಿಂದ, 3.3 ವೋಲ್ಟಿಗಿಳಿದರೆ ಅದು ಅರ್ಧಕ್ಕಿಂತಲೂ ಕಡಿಮೆಯಾಗುವುದಷ್ಟೆ. 2014ರ ಸುಮಾರಿಗೆ ಬಳಕೆಗೆ ಬಂದ ಇಎಸ್‌ಪಿ8266 ಎಂಬ ವೈಫೈ ಚಿಪ್ಪು ಈ ಹೊಸ ಮಟ್ಟದ್ದು.

ಎರಡು ಕಾಲಗಳ ಈ ಗಡಿಯಲ್ಲಿ ಹೋಗುಬರುವಿಕೆ ಸಮಾನವಲ್ಲ. ಊನೋ 3 ವೋಲ್ಟಿನಿಂದ ಮೇಲಿನದನ್ನು ಖಚಿತವಾಗಿ 'ಒಂದು' ಎಂದೆಣಿಸುವುದರಿಂದ ಘಟಕದ 3.3 ವೋಲ್ಟು ಅದಕ್ಕೆ, ಕೂದಲೆಳೆಯ ಅಂತರದಲ್ಲಾದರೂ, ಸಾಲುತ್ತದೆ. ಎದುರು ದಿಕ್ಕಿನ 5 ವೋಲ್ಟಾದರೋ ಘಟಕದ ಮಿತಿಯನ್ನು ಮೀರುತ್ತದೆ. 1000 ಮತ್ತು 2000 ಓಮಿನ ಎರಡು ರೋಧಕಗಳಿದ್ದರೆ ಅದು ಸುಮಾರು 3.33ಕ್ಕೆ ಇಳಿಯುವುದು.

ಆದರೆ ಒಂದೇ ತಂತಿಯಲ್ಲಿ ಇಬ್ಬದಿಯ ಮಾತು ನಡೆಯಬೇಕಾದರೆ ರೋಧಕಗಳಷ್ಟೇ ಸಾಲವು. ಫಿಲಿಪ್ಸ್ ಸಂಸ್ಥೆಯು 1997ರ ಟಿಪ್ಪಣಿಯೊಂದರಲ್ಲಿ ಇದಕ್ಕೆ ತಂತಿಗೊಂದು ಮಾಸ್‌ಫೆಟ್ಟನ್ನು ಸೂಚಿಸಿತು. ಇಷ್ಟು ಮಿತವ್ಯಯದ ಉಪಾಯ ವಿರಳವೆಂದೇ ನಮ್ಮ ಅಭಿಪ್ರಾಯ. ಯಾವ ಬದಿ ತಂತಿಯನ್ನು ಕೆಳಗೆಳೆದರೂ ಇನ್ನೊಂದು ಬದಿಯೂ ಇಳಿಯುತ್ತದೆ. ಬಿಟ್ಟೊಡನೆ ಎರಡೂ ತಮ್ಮ ತಮ್ಮ ವೋಲ್ಟೇಜಿಗೆ ಏರಿ ನಿಲ್ಲುತ್ತವೆ.