ಸರಾಸರಿಯಲ್ಲಿ ಮರೆಯಾದ ಕೋಶಗಳು: ಜೀನ್ ಇನ್ವರ್ಟರ್ ಪರೀಕ್ಷೆಯ ಇತಿಹಾಸ

ದಮನಕ ಪ್ರೋಟೀನು ಹೆಚ್ಚಿದಾಗ ಅದರ ಹಿಡಿತದಲ್ಲಿರುವ ಜೀನು ಸುಮ್ಮನಾಗುತ್ತದೆ, ಕಡಿಮೆಯಾದಾಗ ಮತ್ತೆ ಕೆಲಸಕ್ಕಿಳಿಯುತ್ತದೆ. ಈ ತಿರುವುಮುರುವಿನ ಏರ್ಪಾಡೇ ಜೀನ್ ಇನ್ವರ್ಟರ್. ಇದರ ಬೇರು ಜಾಕೋಬ್ ಮತ್ತು ಮೊನೊ 1961ರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ಲ್ಯಾಕ್ ಒಪೆರಾನ್ ಕುರಿತು ಬರೆದ ಲೇಖನದಲ್ಲಿದೆ. 2000ದ ಜನವರಿಯಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ದಮನಕಗಳ ಸ್ವಿಚ್ಚೂ ಮೂರು ದಮನಕಗಳ ಆಂದೋಲಕವೂ ಪ್ರಕಟವಾದ ಮೇಲೆ, ಇಂಥ ಭಾಗಗಳನ್ನು ಬೇಕಾದಂತೆ ಜೋಡಿಸಬಹುದೆಂಬ ನಂಬಿಕೆ ಗಟ್ಟಿಯಾಯಿತು.

ಜೋಡಿಸಿದವರಿಗೆ ತೊಡಕು ಬೇಗನೆ ಕಂಡಿತು. ಒಂದು ಇನ್ವರ್ಟರಿನ ‘ಕಡಿಮೆ’ ಎಂಬ ಮಟ್ಟವೇ ಮುಂದಿನದಕ್ಕೆ ‘ಹೆಚ್ಚು’ ಆಗಿಬಿಡುತ್ತಿತ್ತು. ಸೋರಿಕೆಯಾದ ಅಲ್ಪ ದಮನಕವೇ ಮುಂದಿನ ಜೀನನ್ನು ಮುಚ್ಚಲು ಸಾಕಾಗುತ್ತಿತ್ತು. ಯೊಕೊಬಯಾಶಿ, ವೈಸ್ ಮತ್ತು ಆರ್ನಾಲ್ಡ್ 2002ರಲ್ಲಿ ಇಂಥದೊಂದು ಕೆಟ್ಟ ಜೀನ್ ಮಂಡಲದಲ್ಲಿ (ಸರ್ಕ್ಯೂಟಿನಲ್ಲಿ) ರೂಪಾಂತರಗಳನ್ನು ಹುಟ್ಟಿಸಿ, ಕೆಲಸ ಮಾಡುವವನ್ನು ಆರಿಸಿ ಸರಿಪಡಿಸಿದರು.

ಪರೀಕ್ಷೆಯ ಕ್ರಮ ಹೀಗೆ. ದಮನಕದ ಉತ್ಪಾದನೆಯನ್ನು ಐಪಿಟಿಜಿ ಎಂಬ ಪ್ರಚೋದಕ ರಾಸಾಯನಿಕದ ಹತೋಟಿಗೆ ಕೊಟ್ಟು, ಒಂದೊಂದು ನಳಿಕೆಗೆ ಒಂದೊಂದು ಪ್ರಮಾಣ ಹಾಕಿ, ಬ್ಯಾಕ್ಟೀರಿಯಾವನ್ನು ಸ್ಥಿರಸ್ಥಿತಿ ತಲುಪುವವರೆಗೆ ಬೆಳೆಸಬೇಕು. ಆಮೇಲೆ ದಮನಕದ ಹಿಡಿತದಲ್ಲಿರುವ ಜೀನು ತಯಾರಿಸುವ, ಹಸಿರಾಗಿ ಹೊಳೆಯುವ ಪ್ರೋಟೀನಿನ ಹೊಳಪನ್ನು ಅಳೆದು, ಕೋಶದ ಸಹಜ ಹೊಳಪನ್ನು ಕಳೆಯಬೇಕು. ಬರುವ ವಕ್ರರೇಖೆ ಕಡಿದಾಗಿ ಇಳಿದಷ್ಟೂ ಇನ್ವರ್ಟರ್ ಒಳ್ಳೆಯದು. ಆದರೆ ನಳಿಕೆಯ ಒಟ್ಟು ಹೊಳಪನ್ನಷ್ಟೇ ನೋಡಿದರೆ ಮೋಸಹೋಗುತ್ತೇವೆ. ಎಲ್ಲ ಕೋಶಗಳೂ ಅರೆಬರೆ ಹೊಳೆದರೂ, ಅರ್ಧ ಕೋಶಗಳು ಪೂರ್ತಿ ಹೊಳೆದು ಉಳಿದರ್ಧ ಕತ್ತಲಾಗಿದ್ದರೂ ಸರಾಸರಿ ಒಂದೇ. ಫ್ಲೋ ಸೈಟೋಮೀಟರ್ ಒಂದೊಂದೇ ಕೋಶದ ಹೊಳಪನ್ನು ಅಳೆಯುವುದರಿಂದ ಈ ಎರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ನಿಜವಾದ ತಿರುವು ಇದೇ.

ಈ ತಿರುವಿಗೆ ಬೆಂಗಳೂರಿನ ನಂಟಿದೆ. ಮುಂದೆ ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್ ಸೇರಿದ ಮುಕುಂದ್ ತಟ್ಟೈ, ವಾನ್ ಔಡೆನಾರ್ಡನ್ ಜೊತೆ 2001ರಲ್ಲಿ ಜೀನ್ ಜಾಲಗಳ ಆಂತರಿಕ ಏರುಪೇರಿಗೆ ಗಣಿತದ ಚೌಕಟ್ಟು ಕೊಟ್ಟರು. ಅವರೂ ಭಾಗಿಯಾಗಿದ್ದ 2004ರ ಅಧ್ಯಯನ ಇನ್ನೂ ಮುಂದೆ ಹೋಯಿತು: ಲ್ಯಾಕ್ ಜಾಲದಲ್ಲಿ ಒಂದೇ ಪ್ರಮಾಣದ ಪ್ರಚೋದಕಕ್ಕೆ ಕೋಶಗಳು ಎರಡು ಗುಂಪಾಗಿ ಒಡೆದವು, ಯಾವ ಗುಂಪು ಎಂಬುದನ್ನು ಅವುಗಳ ಹಿಂದಿನ ಸ್ಥಿತಿ ನಿರ್ಧರಿಸಿತು. ಹಾಗಾಗಿ ಇಂಥ ಮಂಡಲಗಳನ್ನು ಪ್ರಮಾಣ ಏರಿಸುತ್ತ ಒಮ್ಮೆ, ಇಳಿಸುತ್ತ ಒಮ್ಮೆ ಪರೀಕ್ಷಿಸಲೇಬೇಕು.

ಬೆಂಗಳೂರಿನ ನಂಟು ಅಲ್ಲಿಗೇ ನಿಲ್ಲಲಿಲ್ಲ. ಸಂಶ್ಲೇಷಿತ ಜೀವವಿಜ್ಞಾನದ ವಿದ್ಯಾರ್ಥಿ ಸ್ಪರ್ಧೆಯಾದ ಐಜೆಮ್‌ನಲ್ಲಿ 2006ರಲ್ಲಿ ಬೆಂಗಳೂರಿನ ತಂಡವಿತ್ತು. 2009ರಲ್ಲಿ ಇಲ್ಲಿನ ಸೃಷ್ಟಿ ಕಲಾಶಾಲೆಯ ತಂಡ ಅದೇ ಸ್ಪರ್ಧೆಗೆ ಜಿಯೋಸ್ಮಿನ್ ಸೂಸುವ ಇ. ಕೋಲಿಯ ಯೋಜನೆ ಒಯ್ದಿತು. ಗದಗ ಸೀಮೆಯ ಕೋಟುಮಚಗಿಯ ಎರೆಹೊಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆ ಬಹುಪಾಲು ಈ ಜಿಯೋಸ್ಮಿನ್‌ನದೇ. ಎಷ್ಟೇ ಸೊಗಸಾಗಿದ್ದರೂ ವಾಸನೆಯಿಂದ ಯಾವ ಕೋಶ ಎಷ್ಟು ಸೂಸಿತೆಂದು ಹೇಳಲಾಗದು. ಇನ್ವರ್ಟರ್ ಪರೀಕ್ಷೆ ಬೆಳಕನ್ನೇ ನೆಚ್ಚಿಕೊಂಡದ್ದು ಇದಕ್ಕೇ.

ಅದೇ 2009ರಲ್ಲಿ ಕೆಲ್ಲಿ ಮತ್ತು ಸಂಗಡಿಗರು ಪ್ರೊಮೋಟರುಗಳ, ಅಂದರೆ ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕುಗಳ, ಶಕ್ತಿಯನ್ನು ಗೊತ್ತಾದ ಒಂದು ಪ್ರೊಮೋಟರಿಗೆ ಹೋಲಿಸಿ ಹೇಳುವ ಸಾಪೇಕ್ಷ ಮಾನ ತಂದರು. ಆ ಬಗೆಯ ಮಾನದಲ್ಲಿ ಅಳೆದ ದ್ವಾರಗಳನ್ನು (ಇನ್ವರ್ಟರಿನಂಥ ಗೇಟುಗಳನ್ನು) ಬಳಸಿಯೇ 2016ರಲ್ಲಿ ‘ಸೆಲ್ಲೊ’ ತಂತ್ರಾಂಶ 60 ಮಂಡಲಗಳನ್ನು ವಿನ್ಯಾಸಗೊಳಿಸಿತು. 45 ಮಂಡಲಗಳು ಎಲ್ಲ ಸ್ಥಿತಿಗಳಲ್ಲೂ ಸರಿಯಾಗಿ ನಡೆದವು. ಉಳಿದ 15ರ ಮೇಲೆಯೇ ನನ್ನ ಕಣ್ಣು ನಿಲ್ಲುತ್ತದೆ. ಬಿಡಿಯಾಗಿ ಪರೀಕ್ಷೆ ಗೆದ್ದ ಇನ್ವರ್ಟರುಗಳು ಕೂಡಿ ಬಂದಾಗ ಕೋಶದ ಬೆಳವಣಿಗೆಯನ್ನೇ ಕುಗ್ಗಿಸಬಲ್ಲವು. ಆದ್ದರಿಂದ ವಕ್ರರೇಖೆಯ ಜೊತೆಗೆ ಕೋಶಗಳ ಹಂಚಿಕೆ ಮತ್ತು ಬೆಳವಣಿಗೆಯ ದರವನ್ನೂ ಪ್ರಕಟಿಸುವುದು ಕಡ್ಡಾಯವಾಗಬೇಕು.