ನೋಟಗಾರನೂ ಪ್ಲಾಸ್ಟಿಕ್ ಪೆಟ್ಟಿಗೆಯೂ

ನಾಣ್ಯದ ಸಾಚಾತನವನ್ನು ಪರೀಕ್ಷಿಸುವವನಿಗೆ ಕನ್ನಡದಲ್ಲಿ ನೋಟಗಾರ ಎಂಬ ಚೆಂದದ ಹೆಸರಿತ್ತು. ಈಗ ಆ ಅರ್ಥ ಹಳೆಯ ನಿಘಂಟುಗಳಲ್ಲಿ ಮಾತ್ರ ಉಳಿದಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದೇ ಕೆಲಸದ ಅಧಿಕಾರಿ ರೂಪದರ್ಶಕ. ಪೇಟೆಯ ಶರಾಫನು ನಾಣ್ಯವನ್ನು ಕಲ್ಲಿಗೆ ತಾಗಿಸಿ ನಾದ ಕೇಳುತ್ತಿದ್ದ, ತಕ್ಕಡಿಯಲ್ಲಿ ತೂಗುತ್ತಿದ್ದ. ಒಪ್ಪಿಗೆಯಾದರೆ ಅದರ ಮೈಮೇಲೆ ತನ್ನದೊಂದು ಪುಟ್ಟ ಮುದ್ರೆಯನ್ನು ಒತ್ತುತ್ತಿದ್ದ.

ಚೀನಾದ ವರ್ತಕರಲ್ಲಿಯೂ ಇದೇ ಪದ್ಧತಿ. ಅಮೆರಿಕವು 1873ರಲ್ಲಿ, ಪೂರ್ವದೇಶಗಳ ವ್ಯಾಪಾರದಲ್ಲಿ ಮೆಕ್ಸಿಕೋದ ಬೆಳ್ಳಿ ನಾಣ್ಯಕ್ಕೆ ಎದುರಾಳಿಯಾಗಿ, ಟ್ರೇಡ್ ಡಾಲರನ್ನು ಹೊರಡಿಸಿತು. 420 ಗ್ರೇನ್, ಅಂದರೆ ಸುಮಾರು 27.2 ಗ್ರಾಂ ತೂಕ. ನೂರಕ್ಕೆ 90 ಪಾಲು ಬೆಳ್ಳಿ. ಚೀನಾಕ್ಕೆ ಹೋದ ಎಷ್ಟೋ ಟ್ರೇಡ್ ಡಾಲರುಗಳ ಮೇಲೆ ಅಲ್ಲಿಯ ವರ್ತಕರ ಅಕ್ಷರಮುದ್ರೆಗಳಿವೆ. ಆ ಕಾಲಕ್ಕೆ ಅವೇ ಪ್ರಮಾಣಪತ್ರ.

ಅಮೆರಿಕದಲ್ಲಿರುವ ನನ್ನ ಶಿಷ್ಯನೊಬ್ಬ ಈಚೆಗೆ ಇದೇ ಟ್ರೇಡ್ ಡಾಲರೊಂದನ್ನು ಕೊಳ್ಳಲು ಹೊರಟು, "ಸಾರ್, ಗ್ರೇಡ್ ಆಗಿ ಪೆಟ್ಟಿಗೆಯಲ್ಲಿ ಸೀಲ್ ಆಗಿರುವ ನಾಣ್ಯಕ್ಕೆ ಮತ್ತೆ ಪರೀಕ್ಷೆ ಏಕೆ?" ಎಂದು ಬರೆದಿದ್ದ. ಎರಡು ತಿಂಗಳ ಮನೆಬಾಡಿಗೆಯಷ್ಟು ಹಣದ ಪ್ರಶ್ನೆ. ಅವನಿಗೆ ಬರೆದ ಉತ್ತರವನ್ನೇ ಸ್ವಲ್ಪ ಹಿಗ್ಗಿಸಿ, ಉಳಿದವರಿಗೂ ಉಪಯೋಗವಾಗಲೆಂದು ಇಲ್ಲಿ ಹಾಕುತ್ತಿದ್ದೇನೆ.

ಗ್ರೇಡಿನ ಮೂಲ ಒಂದು ಪುಸ್ತಕದಲ್ಲಿದೆ. ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳನ್ನು ಕುರಿತು ಬರೆಯುತ್ತ, ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಕ್ರಮವನ್ನು ಹೂಡಿದ. (ನಾವು ಮಕ್ಕಳಿಗೆ ನೂರಕ್ಕೆ ಕೊಡುತ್ತಿದ್ದೆವು, ಅವನು ಎಪ್ಪತ್ತಕ್ಕೆ!) ಆತ 1977ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್‌ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಉತ್ತಮ ಸೆಂಟುಗಳನ್ನು ತೆಗೆದುಕೊಂಡು, ಅವುಗಳ ಜಾಗದಲ್ಲಿ ತನ್ನ ಕಳಪೆ ನಾಣ್ಯಗಳನ್ನು ಇಟ್ಟಿದ್ದನಂತೆ ಈ ಮಹಾನುಭಾವ. ವ್ಯಾಜ್ಯ ನ್ಯಾಯಾಲಯದವರೆಗೂ ಹೋಯಿತು. ಅಂಕ ಕೊಡುವುದನ್ನು ಕಲಿಸಿದವನ ಕೈಯೇ ಹೀಗಿತ್ತು.

ಅಂಕಕ್ಕೆ ತಕ್ಕಂತೆ ಬೆಲೆ ಏರತೊಡಗಿದಾಗ, ಮಾರುವವನೇ ಅಂಕ ಕೊಡುವುದು ಸಲ್ಲದೆಂಬ ಮಾತೆದ್ದಿತು. ಅಮೆರಿಕನ್ ನ್ಯೂಮಿಸ್‌ಮ್ಯಾಟಿಕ್ ಅಸೋಸಿಯೇಷನ್ 1972ರಲ್ಲಿ ಪರೀಕ್ಷಾ ಸೇವೆಯನ್ನು ತೆರೆದು, ನಾಣ್ಯದ ಛಾಯಾಚಿತ್ರವುಳ್ಳ ಪ್ರಮಾಣಪತ್ರ ಕೊಡತೊಡಗಿತು. ಆದರೆ ಪತ್ರ ಒಂದು ಕಡೆ, ನಾಣ್ಯ ಇನ್ನೊಂದು ಕಡೆ. 1986ರಲ್ಲಿ ಕೆಲಸ ಆರಂಭಿಸಿದ ಪಿಸಿಜಿಎಸ್, ಮರುವರ್ಷ ಬಂದ ಎನ್‌ಜಿಸಿ ಸಂಸ್ಥೆಗಳು ನಾಣ್ಯವನ್ನೂ ಅಂಕದ ಚೀಟಿಯನ್ನೂ ಒಂದೇ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬೆಸೆದು ಮುಚ್ಚಿದವು. ಇದನ್ನೇ ಸ್ಲ್ಯಾಬ್ ಎನ್ನುತ್ತಾರೆ. ನಾಣ್ಯವನ್ನು ಕಣ್ಣಿಂದ ನೋಡದೆಯೇ ಕೊಳ್ಳುವ ಧೈರ್ಯ ಜನರಿಗೆ ಬಂದದ್ದು ಆಗ.

ಖೋಟಾ ಮಾಡುವವನೂ ಇದನ್ನು ಗಮನಿಸಿದ. ಜನ ನಂಬುತ್ತಿರುವುದು ಬೆಳ್ಳಿಯನ್ನಲ್ಲ, ಪೆಟ್ಟಿಗೆಯನ್ನು. ಹಾಗಾದರೆ ಪೆಟ್ಟಿಗೆಯನ್ನೇ ಮಾಡಿದರಾಯಿತು. 2008ರ ಸುಮಾರಿಗೆ ಚೀನಾದಲ್ಲಿ ತಯಾರಾದ ನಕಲಿ ಪೆಟ್ಟಿಗೆಗಳು ಅಂತರಜಾಲದ ಹರಾಜುಗಳಲ್ಲಿ ಕಾಣಿಸಿಕೊಂಡು, ಸಂಸ್ಥೆಗಳೇ ಎಚ್ಚರಿಕೆ ಹೊರಡಿಸಬೇಕಾಯಿತು. ನಕಲಿ ಟ್ರೇಡ್ ಡಾಲರುಗಳಿಗಂತೂ ಲೆಕ್ಕವಿಲ್ಲ. ಹಳೆಯ ಚೀನೀ ವರ್ತಕರ ಮುದ್ರೆಗಳನ್ನೂ ನಕಲು ಮಾಡಿ ಒತ್ತಿದವು ಅವುಗಳಲ್ಲಿ ಉಂಟು!

ಇಲ್ಲಿ ನಿಜವಾದ ಪೇಚಿದೆ. ಪೆಟ್ಟಿಗೆಯೊಳಗಿನ ನಾಣ್ಯದ ನಾದ ಕೇಳಲಾಗದು, ಬಿಡಿಯಾಗಿ ತೂಗಲಾಗದು, ಅಂಚನ್ನೂ ಸರಿಯಾಗಿ ನೋಡಲಾಗದು. ನೋಟಗಾರನ ಹಳೆಯ ಪರೀಕ್ಷೆಗಳನ್ನೆಲ್ಲ ಪೆಟ್ಟಿಗೆಯೇ ತಡೆದು ನಿಲ್ಲಿಸಿದೆ. ಚೀಟಿಯ ಸಂಖ್ಯೆಯನ್ನು ಸಂಸ್ಥೆಯ ತಾಣದಲ್ಲಿ ಹುಡುಕಿದರೆ ಸಾಕಲ್ಲವೆ ಎಂದರೆ, ಸಾಲದು. ಖೋಟಾದವರು ಯಾವುದೋ ನಿಜ ನಾಣ್ಯದ ಸಂಖ್ಯೆಯನ್ನೇ ಕದ್ದು ಅಚ್ಚು ಹಾಕಿರುತ್ತಾರೆ. ತಾಣವು ಸರಿ ಎಂದೇ ಹೇಳುತ್ತದೆ. ಆದುದರಿಂದ ಸಂಖ್ಯೆಯ ಜೊತೆಗೆ ಸಂಸ್ಥೆಯ ಛಾಯಾಚಿತ್ರ ಇದ್ದರೆ ಅದನ್ನು ಮುಂದಿಟ್ಟುಕೊಂಡು, ನಿಮ್ಮ ಮುಂದಿರುವ ನಾಣ್ಯದ ಗೀರು, ಕಲೆ, ಬಣ್ಣಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಗೀರು ಹೊಂದದಿದ್ದರೆ ಸಂಖ್ಯೆ ಹೊಂದಿ ಫಲವಿಲ್ಲ. ಅದೇ ಕಾಲದ ನಿಜವಾದ ಪೆಟ್ಟಿಗೆಯೊಂದನ್ನು ಪಕ್ಕದಲ್ಲಿಟ್ಟು ಅಕ್ಷರಗಳ ಆಕಾರ, ಚೀಟಿಯ ಬಣ್ಣ, ಹಾಲೋಗ್ರಾಂ ನೋಡುವುದೂ ಒಳ್ಳೆಯದು. ಬೆಸುಗೆಯ ಅಂಚಿನಲ್ಲಿ ಬಿರುಕು, ಮಬ್ಬು, ಅಂಟಿನ ಗುರುತು ಇದ್ದರೆ, ಪೆಟ್ಟಿಗೆ ನಿಜವಾಗಿದ್ದೂ ಒಳಗಿನ ನಾಣ್ಯ ಬದಲಾಗಿರಬಹುದು.

ನಾಣ್ಯವೂ ಸುಳಿವು ಕೊಡುತ್ತದೆ. ಒಂದು ನಿಜ ನಾಣ್ಯದಿಂದ ಅಚ್ಚು ತೆಗೆದಾಗ ಅದರ ಪೆಟ್ಟಿನ ಗುರುತುಗಳೂ ಅಚ್ಚಿನಲ್ಲಿ ಇಳಿಯುತ್ತವೆ. ಒಂದೇ ಜಾಗದಲ್ಲಿ ಒಂದೇ ಗಾಯವುಳ್ಳ ನಾಲ್ಕು ನಾಣ್ಯಗಳು ಮಾರಾಟಕ್ಕೆ ಬಂದರೆ, ಪರೀಕ್ಷೆಯಲ್ಲಿ ಒಂದೇ ಬೆಂಚಿನ ನಾಲ್ವರು ಒಂದೇ ತಪ್ಪನ್ನು ಬರೆದಂತೆ. ನಮ್ಮ ಕಾಲದಲ್ಲಿ ಯಾರು ಹಾಗೆ ಬರೆದಿದ್ದರೆಂದು ಇಲ್ಲಿ ಹೇಳಲಾರೆ!

ಅಮೆರಿಕದಲ್ಲಿ ನಕಲು ನಾಣ್ಯದ ಮೇಲೆ ನಕಲು ಎಂದು ಅಚ್ಚೊತ್ತಬೇಕೆಂಬ ಕಾನೂನು 1973ರಿಂದ ಇದೆ. 2014ರ ತಿದ್ದುಪಡಿಯು ಪರೀಕ್ಷಾ ಸಂಸ್ಥೆಗಳ ಗುರುತನ್ನು ಕಳ್ಳತನದಿಂದ ಬಳಸುವವರನ್ನೂ, ಮಾರಾಟಕ್ಕೆ ಗೊತ್ತಿದ್ದೂ ನೆರವಾಗುವವರನ್ನೂ ಸೇರಿಸಿಕೊಂಡಿತು. ಪಿಸಿಜಿಎಸ್ 2020ರಿಂದೀಚೆಗೆ ಪೆಟ್ಟಿಗೆಯೊಳಗೆ, ಮೊಬೈಲ್ ತಾಗಿಸಿದರೆ ಓದಬಹುದಾದ ಚಿಪ್ಪನ್ನು ಸೇರಿಸುತ್ತ ಬಂದಿದೆ. ಅದಕ್ಕೂ ಹಿಂದಿನ ಲಕ್ಷಾಂತರ ಪೆಟ್ಟಿಗೆಗಳಲ್ಲಿ ಚಿಪ್ಪಿಲ್ಲ. ನನ್ನ ಶಿಷ್ಯನಿಗೆ ತೋರಿಸಿದ ಪೆಟ್ಟಿಗೆಯೂ ಆ ಹಳೆಯ ಬಗೆಯದೇ. ಅದರ ಸಂಖ್ಯೆ ತಾಣದಲ್ಲಿತ್ತು, ಚಿತ್ರವೂ ಇತ್ತು. ಚಿತ್ರದ ನಾಣ್ಯದ ಮೇಲೆ ಕಂದು ಕಲೆಯೊಂದಿತ್ತು, ಮಾರುವವನ ನಾಣ್ಯದ ಮೇಲೆ ಇರಲಿಲ್ಲ. ಅವನು ಹಣ ಕಳುಹಿಸಲಿಲ್ಲ.