ಶ್ರೀರಂಗಪಟ್ಟಣದ ದಂಡಯಾತ್ರೆಗಳೂ ಪ್ರಜಾವೃತ್ತಾಂತವೂ

ಶತ್ರುವಿನ ತೋಪುಗಳೆಷ್ಟು, ಕುದುರೆಗಳೆಷ್ಟು ಎಂಬುದನ್ನು ಅರಿತು ಬರುವುದೇ ಗೂಢಚಾರನ ಕೆಲಸವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ದಂಡು ನಡೆಯುವ ದಾರಿಯಲ್ಲಿ ಊರವರು ಇರುವರೇ, ಬಿಟ್ಟುಹೋಗಿರುವರೇ, ಧಾನ್ಯವೂ ಹುಲ್ಲೂ ಉಳಿದಿವೆಯೇ ಎಂಬ ಸಂಗತಿಯು ಅದಕ್ಕಿಂತ ಕಡಮೆಯದಲ್ಲ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರವು, ದಾರಿಯ ಗ್ರಾಮಾರಣ್ಯಗಳಲ್ಲಿರುವ ಹುಲ್ಲು, ಸೌದೆ, ನೀರುಗಳನ್ನು ಗಣಿಸಿಯೇ ದಂಡು ಹೊರಡತಕ್ಕದ್ದೆಂದು ವಿಧಿಸುತ್ತದೆ. ಈ ವಿಧಿಯ ಬೆಲೆಯು ಮೂರನೆಯ ಮೈಸೂರು ಯುದ್ಧದಲ್ಲಿ ಸ್ಪಷ್ಟವಾಗಿ ಕಂಡುಬರುತ್ತದೆ.

1791ನೆಯ ಮಾರ್ಚಿ 21ರಂದು ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲೀಸನು, ಮೇ ತಿಂಗಳಲ್ಲಿ ಕಾನಕಾನಹಳ್ಳಿಯ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ನಡೆದನು. ಟಿಪ್ಪೂ ಸುಲ್ತಾನನು ಆ ಸೀಮೆಯ ಮೇವು ಧಾನ್ಯಗಳನ್ನು ನಾಶಮಾಡಿಸಿ, ಜನರನ್ನೂ ದನಗಳನ್ನೂ ಮೊದಲೇ ತೆರವುಮಾಡಿಸಿದ್ದನು. ಮೇ 15ರಂದು ಅರಕೆರೆಯ ಬಳಿ ಆಂಗ್ಲೇಯರು ಕಾಳಗವನ್ನು ಗೆದ್ದರಾದರೂ ಆ ಗೆಲವು ನಿಷ್ಫಲವಾಯಿತು. ಎತ್ತುಗಳು ಹಸಿದು ಸತ್ತವು. ಕೋಟೆಯನ್ನೊಡೆಯಲು ತಂದ ದೊಡ್ಡ ತೋಪುಗಳನ್ನು ತಾವೇ ಕೆಡಿಸಿ ಹಿಂದಿರುಗಬೇಕಾಯಿತು. ಹರಿಪಂತ, ಪರಶುರಾಮ ಭಾವು ಇವರ ಮರಾಠಾ ಸೈನ್ಯವು ಸಮೀಪಕ್ಕೆ ಬಂದಿದ್ದ ಸುದ್ದಿಯು ಕೂಡ ಹಿಂದಿರುಗುವ ದಾರಿಯಲ್ಲಿಯೇ ತಿಳಿದುಬಂದಿತು. ನಿರ್ಜನವಾದ ನಾಡಿನಲ್ಲಿ ಅನ್ನವಷ್ಟೇ ಅಲ್ಲ, ವಾರ್ತೆಯೂ ದುರ್ಲಭವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ಎರಡನೆಯ ಯಾತ್ರೆಗೆ ಮುಂಚೆ ಕಾರ್ನ್‌ವಾಲೀಸನು ಈ ಪಾಠವನ್ನು ಮರೆಯಲಿಲ್ಲ. ಆಂಬೂರಿನ ಕಡೆಯಿಂದ ಬಾತ್ಮಿಯನ್ನು ಸಂಗ್ರಹಿಸುತ್ತಿದ್ದ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡನು ಧಾನ್ಯದ ವರ್ತಕರೊಡನೆಯೂ ಬಂಜಾರರೊಡನೆಯೂ ವ್ಯವಹರಿಸಬಲ್ಲವನಾಗಿದ್ದನು. ಎತ್ತುಗಳ ಮೇಲೆ ಧಾನ್ಯವನ್ನು ಹೇರಿ ನಡೆಯುವ ಬಂಜಾರರು, ಲಾಭ ನಿಶ್ಚಿತವೆಂದು ಕಂಡಲ್ಲಿ ಯಾವ ಪಾಳೆಯಕ್ಕಾದರೂ ಬರುವವರು. ಅವರಿಂದ ದಂಡಿಗೆ ಆಹಾರವೊದಗಿತು; ನಂದಿದುರ್ಗ, ಸಾವನದುರ್ಗಗಳನ್ನು ಹಿಡಿದುದರಿಂದ ದಾರಿಯು ಭದ್ರವಾಯಿತು. 1792ನೆಯ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ಬಿದ್ದ ಸೈನ್ಯವು ಈ ಸಲ ಹಸಿದುದಾಗಿರಲಿಲ್ಲ. ಮಾರ್ಚಿಯ ಕೌಲಿನಂತೆ ಸುಲ್ತಾನನು ರಾಜ್ಯದ ಅರ್ಧವನ್ನು ಬಿಟ್ಟುಕೊಟ್ಟನು.

ಇಲ್ಲಿ ಒಂದಂಶವು ವಿಚಾರಾರ್ಹವಾಗಿದೆ. ಕೈಸೇರಿದ ಬಾರಾಮಹಲಿನ ಕಂದಾಯದಾಡಳಿತವನ್ನು ಕಂಪೆನಿಯು ರೀಡನಿಗೇ ಒಪ್ಪಿಸಿತು. ಥಾಮಸ್ ಮನ್ರೋ ಮೊದಲಾದ ದಂಡಿನ ಅಧಿಕಾರಿಗಳು ಆತನ ಸಹಾಯಕರಾದರು. ಯುದ್ಧಕ್ಕಾಗಿ ನಾಡನ್ನು ಅರಿತವನೇ ತೆರಿಗೆಗಾಗಿಯೂ ಅದನ್ನು ಅಳೆದನು. ಪ್ರಜೆಗಳ ವೃತ್ತಾಂತವನ್ನು ಇಬ್ಬರು ಒಡೆಯರೂ ಬಲ್ಲವರೇ. ಒಬ್ಬನು ಊರನ್ನು ಬರಿದುಮಾಡಲು, ಮತ್ತೊಬ್ಬನು ಅದರಿಂದ ಧಾನ್ಯವನ್ನೂ ಹಣವನ್ನೂ ಪಡೆಯಲು ಅದನ್ನು ಬಳಸಿದನು. ಮನೆಮಾರುಗಳನ್ನು ಬಿಟ್ಟುಹೋದವರ ಕಷ್ಟವನ್ನು ಗಣನೆಗೆ ತಂದುಕೊಳ್ಳದೆ ಈ ಯುದ್ಧದ ಚರಿತ್ರೆಯು ಪೂರ್ಣವಾಗದು.